ನಡುರಾತ್ರಿಯ ಒಂದು ಹನಿ ರಕ್ತ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬೆಳೆದ ನಿಮಗೆ ಆನೆಕಾಲು ರೋಗದ ಹೆಸರು ಹೊಸದಲ್ಲ. ನಮ್ಮ ಕಲಬುರಗಿ ಜಿಲ್ಲೆ ಆ ರೋಗ ಬೇರೂರಿದ ಜಿಲ್ಲೆಗಳಲ್ಲೊಂದು. ಅದರ ಪತ್ತೆಗಾಗಿ ಆರೋಗ್ಯ ಸಿಬ್ಬಂದಿ ರಾತ್ರಿ ಬಂದು ಬೆರಳು ಚುಚ್ಚಿ ರಕ್ತ ಕೇಳಿದರೆ, "ಹಗಲೆಲ್ಲ ಬಿಟ್ಟು ಈಗೇಕೆ ಬಂದಿರಿ?" ಎಂದು ಗೊಣಗುವವರನ್ನು ನಾನು ಬಲ್ಲೆ. ಈ ಪ್ರಶ್ನೆಯ ಉತ್ತರಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ.

1872ರಲ್ಲಿ ಕಲ್ಕತ್ತೆಯಲ್ಲಿದ್ದ ವೈದ್ಯ ಟಿಮೊಥಿ ಲೂಯಿಸ್ ಮನುಷ್ಯರ ರಕ್ತದಲ್ಲಿ ಈ ರೋಗದ ಸೂಕ್ಷ್ಮ ಮರಿಹುಳುಗಳನ್ನು ಕಂಡರು. 1877ರಲ್ಲಿ ಚೀನಾದ ಅಮೋಯ್ ಬಂದರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್, ಆ ಮರಿಗಳು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು ತೋರಿಸಿದರು. ಹಗಲಿರುಳು ರಕ್ತ ಪರೀಕ್ಷಿಸಿದಾಗ ಅವರಿಗೆ ಮತ್ತೊಂದು ಸೋಜಿಗ ಎದುರಾಯಿತು: ಹಗಲು ಮಾಯವಾದ ಮರಿಗಳು ರಾತ್ರಿ ಹೇರಳವಾಗಿ ಕಾಣಿಸಿಕೊಳ್ಳುತ್ತಿದ್ದವು! ಹಗಲಿನಲ್ಲಿ ಅವು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ರಾತ್ರಿ 10ರಿಂದ 2 ಗಂಟೆಯವರೆಗೆ, ಅಂದರೆ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತಿಗೆ, ಚರ್ಮದ ಸಮೀಪದ ರಕ್ತನಾಳಗಳಿಗೆ ಹೆಚ್ಚಾಗಿ ಬರುತ್ತವೆ.

1881ರಲ್ಲಿ ಲಂಡನ್ನಿನ ಸ್ಟೀಫನ್ ಮೆಕೆಂಜಿ ಒಬ್ಬ ರೋಗಿಯನ್ನು ಹಗಲು ಮಲಗಿಸಿ, ರಾತ್ರಿ ಎಚ್ಚರವಾಗಿರಿಸಿದರು. ಮರಿಗಳ ವೇಳಾಪಟ್ಟಿಯೂ ತಲೆಕೆಳಗಾಯಿತು. ಅವು ಅನುಸರಿಸುವುದು ಗೋಡೆಯ ಗಡಿಯಾರವನ್ನಲ್ಲ, ನಮ್ಮ ನಿದ್ರೆಯನ್ನು!

ನಮ್ಮ ದೇಶದಲ್ಲಿ 1955ರಲ್ಲಿ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ದೊಡ್ಡ ಹುಳುವಿನ ಸುಳಿವನ್ನು ಯಾವ ಹೊತ್ತಿನಲ್ಲಾದರೂ ತಿಳಿಸುವ ಪಟ್ಟಿ ಪರೀಕ್ಷೆ ಇಂದು ಇದೆ, ನಿಜ. ಆದರೆ ಸೊಳ್ಳೆಗೆ ಸಿಗುವಂತೆ ರಕ್ತದಲ್ಲಿ ಮರಿಗಳು ಸುಳಿದಾಡುತ್ತಿವೆಯೇ ಎಂದು ನೋಡಲು ನಮ್ಮಲ್ಲಿ ರಾತ್ರಿಯ ರಕ್ತವೇ ಬೇಕು. ಅದೇ ವ್ಯಕ್ತಿಯ ಮಧ್ಯಾಹ್ನದ ರಕ್ತ "ರೋಗವಿಲ್ಲ" ಎಂದು ಸುಳ್ಳು ಹೇಳಬಹುದು.

ಔಷಧದ ಕಥೆ ಬೇರೆ. ಸಾಮೂಹಿಕವಾಗಿ ನೀಡುವ ಮಾತ್ರೆಗಳಿಗೆ ಇರುಳಿನ ಹಂಗಿಲ್ಲ, ಊಟದ ಹಂಗಿದೆ. ಅವನ್ನು ಹಸಿದ ಹೊಟ್ಟೆಯಲ್ಲಿ ನುಂಗಬಾರದು. 2 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ತೀವ್ರ ಕಾಯಿಲೆಯವರಿಗೆ ಕೊಡುವುದಿಲ್ಲ. ಉಳಿದವರು ಸಿಬ್ಬಂದಿಯ ಎದುರೇ ನುಂಗಬೇಕು.

ರಕ್ತದಲ್ಲಿ ಮರಿಗಳನ್ನು ಹೊತ್ತವರು ಅನೇಕ ವರ್ಷ ಆರೋಗ್ಯವಂತರಂತೆಯೇ ಕಾಣುತ್ತಾರೆ. ಒಮ್ಮೆ ಬಲಿತ ಬಾವು ಪೂರ್ತಿ ಇಳಿಯುವುದು ಕಷ್ಟ. ಕಾಲು ಊದುವ ಮುನ್ನವೇ ರೋಗವನ್ನು ಹಿಡಿಯಬೇಕಾದರೆ, ನಾವು ನಿದ್ರೆಗೆ ಜಾರುವ ಹೊತ್ತಿನಲ್ಲಿ ಯಾರಾದರೂ ಎಚ್ಚರವಿರಲೇಬೇಕು. ಊರಿನ ಹಿರಿಯರಿಗೆ ಈ ಕಾರಣವನ್ನು ನೀವೇ ವಿವರಿಸಿ. ಬಾಗಿಲು ತಟ್ಟಿದವರಿಗೆ ಬೆರಳು ಚಾಚಲು ಹೇಳಿ.