ಐಎಸ್‌ಒ ಫೈಲಿನ ಒಳಹೆಸರು

ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಳ್ಳುವ ಬಗ್ಗೆ ನಮ್ಮ ಸದಸ್ಯರಲ್ಲಿ ಹಲವರು ವಿಚಾರಿಸುತ್ತಿದ್ದಾರೆ. ಇಡೀ ಆಪರೇಟಿಂಗ್ ಸಿಸ್ಟಮ್ ಒಂದೇ ಫೈಲಾಗಿ ಅಂತರಜಾಲದಲ್ಲಿ ಸಿಗುತ್ತದೆ. ಅದಕ್ಕೆ ಐಎಸ್‌ಒ ಇಮೇಜ್ ಎನ್ನುತ್ತಾರೆ. ಈ ಫೈಲಿಗೆ ಎರಡು ಹೆಸರುಗಳಿರುತ್ತವೆ ಎಂಬುದು ಸಂಘದ ಕಚೇರಿಯ ಕಂಪ್ಯೂಟರ್ ಅರ್ಧದಲ್ಲೇ ನಿಂತು ಕಪ್ಪು ಪರದೆ ತೋರಿಸುವವರೆಗೆ ನನಗೂ ತಿಳಿದಿರಲಿಲ್ಲ.

ನಾನು ಗುಮಾಸ್ತನಾಗಿದ್ದವನು, ಕಡತದ ಲೆಕ್ಕದಲ್ಲೇ ಹೇಳುತ್ತೇನೆ. ಹೊದಿಕೆ ಹರಿದರೆ ಹೊಸದು ಹಾಕಿ ಮೇಲೆ ಏನು ಬೇಕಾದರೂ ಬರೆಯಬಹುದು. ಆದರೆ ಒಳಗಿನ ಟಿಪ್ಪಣಿ ಹಾಳೆಯ ಕಡತ ಸಂಖ್ಯೆ ಹಾಗೇ ಇರುತ್ತದೆ. ನಮಗೆ ಕಾಣುವ ಫೈಲ್ ಹೆಸರು ಹೊದಿಕೆಯ ಮೇಲಿನ ಬರಹವಿದ್ದಂತೆ. ಒಳಗಿನದಕ್ಕೆ ವಾಲ್ಯೂಮ್ ಲೇಬಲ್ ಎಂದು ಹೆಸರು. ಫೈಲಿನ ಹೆಸರನ್ನು ಎಷ್ಟು ಸಲ ಬದಲಿಸಿದರೂ ಲೇಬಲ್ ಬದಲಾಗುವುದಿಲ್ಲ.

ಅದು ಎಲ್ಲಿರಬೇಕೆಂದು ಸಿ.ಡಿ.ಗಳಿಗಾಗಿ 1988ರಲ್ಲಿ ಬಂದ ಐಎಸ್‌ಒ 9660 ಮಾನಕ ಗೊತ್ತುಪಡಿಸಿದೆ. ಇಮೇಜನ್ನು 2048 ಬೈಟುಗಳ ತುಂಡುಗಳಾಗಿ ಎಣಿಸಿದರೆ ಮೊದಲ 16 ತುಂಡುಗಳನ್ನು ಬಿಟ್ಟು ಮುಂದಿನದರಲ್ಲಿ ‘ಸಿಡಿ001’ ಎಂಬ ಗುರುತು, ಅದೇ ತುಂಡಿನಲ್ಲಿ ಲೇಬಲ್‌ಗೆ 32 ಬೈಟುಗಳ ಜಾಗ. ಪ್ರಕಾಶಕರ ಹೆಸರು, ಸಿದ್ಧಪಡಿಸಿದವರ ಹೆಸರು ಇತ್ಯಾದಿಗೆ ತಲಾ 128 ಬೈಟು. ಮಾನಕದ ಪ್ರಕಾರ ಲೇಬಲ್‌ನಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಇರಬೇಕು. ಉಬುಂಟುವಿನವರು ಸಣ್ಣಕ್ಷರ, ಖಾಲಿ ಜಾಗ, ಚುಕ್ಕಿ ಎಲ್ಲವನ್ನೂ ಬಳಸುತ್ತಾರೆ. ಅದರಿಂದ ಕೆಲಸವೇನೂ ನಿಂತಿಲ್ಲ.

ಕನ್ನಡದಲ್ಲಿ ಲೇಬಲ್ ಇಡಬಹುದೇ? ಜೋಲಿಯೆಟ್ ಎಂಬ ವಿಸ್ತರಣೆಯಲ್ಲಿ ಯೂನಿಕೋಡ್ ಅಕ್ಷರಗಳಿಗೆ ಜಾಗವಿದೆ, ಆದರೆ 16ಕ್ಕೆ ಮಾತ್ರ. ‘ಕಾಸರಗೋಡು’ ನಮ್ಮ ಬಾಯಲ್ಲಿ ಐದು ಅಕ್ಷರ; ಯಂತ್ರ ಸ್ವರಚಿಹ್ನೆಗಳನ್ನೂ ಸೇರಿಸಿ ಎಂಟು ಎಂದು ಎಣಿಸುತ್ತದೆ. ಎರಡು ಊರಿನ ಹೆಸರಿಗೆ ಕೋಟಾ ಮುಗಿಯಿತು!

ಈ ಲೇಬಲ್ಲನ್ನು ಓದುವವರು ಯಾರು? ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಟ್-ಮ್ಯಾನೇಜರ್, ಗ್ನೋಮ್ ಬಾಕ್ಸಸ್ ಮುಂತಾದವು. ಅವುಗಳ ಬೆನ್ನಿಗೆ ಲಿಬ್‌ಓಎಸ್‌ಇನ್ಫೋ ಎಂಬ ಯೋಜನೆಯ ದತ್ತಾಂಶವಿದೆ. ಲೇಬಲ್, ಪ್ರಕಾಶಕ ಮುಂತಾದ ವಿವರಗಳನ್ನು ತಾಳೆ ನೋಡಿ ಇದು ಡೆಬಿಯನ್, ಇದು ಫೆಡೋರಾ ಎಂದು ಗುರುತಿಸಿ ತಕ್ಕ ಮೆಮೊರಿ, ಡಿಸ್ಕ್ ಸೂಚಿಸುತ್ತದೆ. ಲೇಬಲ್ ಹೊಂದದಿದ್ದರೆ ನಾವೇ ಪಟ್ಟಿಯಿಂದ ಆರಿಸಬೇಕು. ವಿಂಡೋಸ್ 10 ಮತ್ತು 11ರ ಕೆಲವು ಇಮೇಜುಗಳಿಗೆ ಒಂದೇ ಲೇಬಲ್ ಇರುವುದುಂಟು. ಅಲ್ಲಿ ಲೇಬಲ್ ಒಂದನ್ನೇ ನಂಬಿದರೆ ಎಡವಟ್ಟು.

ಲೇಬಲ್ ತಪ್ಪಿದರೆ ನಿಜವಾಗಿ ಪೆಟ್ಟು ಬೀಳುವುದು ಫೆಡೋರಾದಂಥವುಗಳಲ್ಲಿ. ಶುರುವಾದ ಮೇಲೆ ಉಳಿದ ಭಾಗ ಯಾವ ಡಿಸ್ಕಿನಲ್ಲಿದೆ ಎಂದು ಅದು ಲೇಬಲ್ ಹಿಡಿದೇ ಹುಡುಕುತ್ತದೆ. ನಾನು ಮಾಡಿದ ತಪ್ಪು ಇಷ್ಟೇ: ಐಎಸ್‌ಒ ಒಳಗಿನ ಫೈಲುಗಳನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿದೆ. ಪೆನ್‌ಡ್ರೈವಿನ ಲೇಬಲ್ ಅಂಗಡಿಯಿಂದ ಬಂದದ್ದೇ ಉಳಿಯಿತು. ತಿದ್ದಲು ಹೋದರೂ ಫ್ಯಾಟ್32 ಪದ್ಧತಿಯಲ್ಲಿ 11 ಅಕ್ಷರ ಮಾತ್ರ ಹಿಡಿಯುತ್ತದೆ. ಯಂತ್ರ ಬಹಳ ಹೊತ್ತು ಹುಡುಕಿ ಕೈಚೆಲ್ಲಿತು. ನಾನು ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಂಡು ಹೊಸದೊಂದಕ್ಕೆ ದುಡ್ಡು ಹಾಕಿದೆ.

ಪರಿಹಾರ ಸುಲಭ. ಇಮೇಜನ್ನು ಬೈಟಿಗೆ ಬೈಟ್ ಇದ್ದಂತೆಯೇ ಬರೆಯಬೇಕು. ರೂಫಸ್ ತಂತ್ರಾಂಶ ಕೇಳಿದಾಗ ಡಿಡಿ ವಿಧಾನ ಆರಿಸಿದರೆ ಲೇಬಲ್ ಕೂಡ ಹಾಗೇ ಬರುತ್ತದೆ. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಕನ್ನಡ ಫಾಂಟು, ಕೀಲಿಮಣೆ ಸೇರಿಸಿ ಇಮೇಜನ್ನು ಮತ್ತೆ ಕಟ್ಟುವ ಹುಡುಗರು ಹಳೆಯ ಲೇಬಲ್ಲನ್ನೇ ಕೊಡಬೇಕು, ಇಲ್ಲವೇ ಬೂಟ್ ಮೆನುವಿನ ಸಾಲುಗಳಲ್ಲೂ ಹೊಸದನ್ನು ಬರೆಯಬೇಕು.

ಲೇಬಲ್ ನೋಡಲು ವಿಂಡೋಸ್ 8 ಮತ್ತು ನಂತರದವುಗಳಲ್ಲಿ ಐಎಸ್‌ಒ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸಾಮಾನ್ಯವಾಗಿ ಸಾಕು, ಹೊಸ ಡ್ರೈವಿನ ಪಕ್ಕದಲ್ಲಿ ಕಾಣುತ್ತದೆ. ಆದರೆ ಲೇಬಲ್ಲನ್ನು ಯಾರು ಬೇಕಾದರೂ ಬರೆಯಬಹುದಾದ್ದರಿಂದ ಫೈಲ್ ಅಸಲಿ ಎನ್ನಲು ಅದು ಸಾಲದು. ಅದಕ್ಕೆ ತಯಾರಕರ ತಾಣದಲ್ಲಿ ಕೊಟ್ಟಿರುವ ಎಸ್‌ಎಚ್‌ಎ-256 ಮೊತ್ತವನ್ನು ತಾಳೆ ನೋಡಬೇಕು. ಆ 64 ಅಂಕಿ-ಅಕ್ಷರಗಳನ್ನು ನಾನು ಮುದ್ರಿಸಿ, ಒಂದೊಂದಾಗಿ ಪೆನ್ಸಿಲ್ಲಿನಿಂದ ಗುರುತು ಹಾಕಿ ನೋಡುತ್ತೇನೆ.