ರಿಮ್‌ಫೈರ್ ತೋಟಾ: ಹೈದರಾಬಾದಿನ ಗುರಿಕಟ್ಟೆಯಲ್ಲಿ ಹಳತು, ಹೊಸತು

ಬುಡದ ಅಂಚಿಗೆ ಪೆಟ್ಟು ಬಿದ್ದಾಗ ಹೊತ್ತಿಕೊಳ್ಳುವ ಕಾಡತೂಸಿಗೆ ರಿಮ್‌ಫೈರ್ ತೋಟಾ ಎಂದು ಹೆಸರು. ಈ ಜಾತಿಯಲ್ಲಿ ಜಗತ್ತು ಅತಿ ಹೆಚ್ಚು ಬಳಸುವುದು 5.6 ಮಿಲಿಮೀಟರಿನ .22 ಲಾಂಗ್ ರೈಫಲ್. ಎನ್‌ಸಿಸಿ ಶಿಬಿರದಲ್ಲಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಐದು ಗುಂಡು ಹೊಡೆದವರಿಗೆಲ್ಲ ಅದು ‘ಪಾಯಿಂಟ್ ಟೂ ಟೂ’. 2002ರಿಂದ ಈಚೆಗೆ ಇದಕ್ಕಿಂತ ಸಣ್ಣ ಬಾಯಿಯ, ಇದಕ್ಕಿಂತ ಬಹಳ ವೇಗದ .17 ತೋಟಾಗಳು ಬಂದಿವೆ. ಹಳೆಯ .22 ಅನ್ನು ಅವು ಮೂಲೆಗೆ ತಳ್ಳುತ್ತವೆಯೇ ಎಂಬ ಚರ್ಚೆ ಬೇಟೆಗಾರರಲ್ಲೂ ಗುರಿಕಾರರಲ್ಲೂ ನಡೆಯುತ್ತಲೇ ಇದೆ. ಹೈದರಾಬಾದಿನಲ್ಲಿ ನಿಂತು ನೋಡಿದರೆ ಈ ಚರ್ಚೆ ಬೇರೆಯದೇ ಆಗಿ ಕಾಣುತ್ತದೆ.

ರಚನೆ

ತೆಳು ಹಿತ್ತಾಳೆಯ ಕೊಳವೆಯ ಬುಡವನ್ನು ಮಡಚಿ ಟೊಳ್ಳು ಅಂಚು ಮಾಡಿರುತ್ತಾರೆ. ಒದ್ದೆಯಾಗಿರುವಾಗಲೇ ಕಿಡಿಮದ್ದನ್ನು ಒಳಗೆ ಹಾಕಿ ಗಿರಗಿರನೆ ತಿರುಗಿಸಿದರೆ ಅದು ಆ ಟೊಳ್ಳಿನ ಸುತ್ತ ಹರಡಿಕೊಳ್ಳುತ್ತದೆ. ಕೋವಿಯ ಪಿನ್ನು ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟಿ, ಮದ್ದು ಹೊತ್ತಿ, ಗುಂಡು ಹೊರಡುತ್ತದೆ. ಈ ರಚನೆಯ ಬಲವೂ ದೌರ್ಬಲ್ಯವೂ ಒಂದೇ ಜಾಗದಲ್ಲಿವೆ. ಅಂಚು ಜಜ್ಜಿಹೋಗುವಷ್ಟು ತೆಳುವಾಗಿರಲೇಬೇಕು. ಹಾಗಾಗಿ ಒಳಗಿನ ಒತ್ತಡವನ್ನು ಒಂದು ಮಿತಿಗಿಂತ ಮೇಲೆ ಏರಿಸುವಂತಿಲ್ಲ, ಸುಟ್ಟ ಕೊಳವೆಗೆ ಮತ್ತೆ ಮದ್ದು ತುಂಬುವಂತೆಯೂ ಇಲ್ಲ. ಅದರ ಬದಲಿಗೆ ತೋಟಾ ಅಗ್ಗವಾಗಿ, ಹಗುರಾಗಿ ಸಿಗುತ್ತದೆ, ಹಾರಿಸಿದರೆ ಹೆಗಲಿಗೆ ಒದೆತವೇ ಇಲ್ಲ.

.22 ಲಾಂಗ್ ರೈಫಲ್‌ನಲ್ಲಿ ಇನ್ನೊಂದು ಹಳೇ ಕಾಲದ ಗುರುತು ಉಳಿದಿದೆ. ಗುಂಡಿನ ಮೈ ಕೊಳವೆಯ ಹೊರಮೈಗೆ ಸಮ. ಸಣ್ಣಗೆ ಕೊರೆದ ಹಿಮ್ಮಡಿ ಮಾತ್ರ ಕೊಳವೆಯೊಳಗೆ ಕೂರುತ್ತದೆ. ಸೀಸಕ್ಕೆ ಬಳಿದ ಮೇಣ ಹೊರಗೇ ಇರುವುದರಿಂದ ಪೆಟ್ಟಿಗೆ ಬಿಚ್ಚಿದವರ ಬೆರಳಿಗೆ ಜಿಡ್ಡು ಅಂಟುತ್ತದೆ.

ಹುಟ್ಟು, ಬೆಳವಣಿಗೆ

1845ರ ಸುಮಾರಿಗೆ ಫ್ರಾನ್ಸಿನ ಲೂಯಿ ನಿಕೋಲಾ ಫ್ಲೋಬೆರ್ ಮನೆಯೊಳಗೆ ಗುರಿಯಾಟ ಆಡಲೆಂದು ಒಂದು ಪುಟ್ಟ ತೋಟಾ ಮಾಡಿದ. ಅದರಲ್ಲಿ ಮದ್ದೇ ಇರಲಿಲ್ಲ, ಕಿಡಿಮದ್ದಿನ ಬಲದಿಂದಲೇ ಗುಂಡು ಹಾರುತ್ತಿತ್ತು. ಅದನ್ನೇ ಬೆಳೆಸಿ 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ತನ್ನ ಮೊದಲ ರಿವಾಲ್ವರಿಗೆ .22 ಶಾರ್ಟ್ ತೋಟಾ ತಂದಿತು. ಅದೇ ವರ್ಷ ಇಲ್ಲಿ ಕೊಬ್ಬು ಸವರಿದ ಕಾಗದದ ಕಾಡತೂಸಿನ ವಿಚಾರಕ್ಕೆ ಸಿಪಾಯಿಗಳು ತಿರುಗಿಬಿದ್ದರು. ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಗೆ ಮುತ್ತಿಗೆ ಹಾಕಿದರು. ವರ್ಷ ಮುಗಿಯುವ ಮೊದಲೇ, ಆಯುಧ ಒಪ್ಪಿಸಲು ಒಲ್ಲೆವೆಂದ ಹಲಗಲಿಯ ಬೇಡರ ಊರು ಸುಟ್ಟು ಬೂದಿಯಾಯಿತು. ಒಂದು ನಾಡಿನಲ್ಲಿ ತೋಟಾ ಜೇಬಿನ ವಸ್ತುವಾಗುತ್ತಿದ್ದಾಗ ಇನ್ನೊಂದರಲ್ಲಿ ಅದು ಪರವಾನಗಿಯ ವಸ್ತುವಾಗುತ್ತಿತ್ತು. ಮುಂದಿನ ಕಥೆಗೆ ಈ ವ್ಯತ್ಯಾಸ ಬೇಕಾಗುತ್ತದೆ.

.22 ಲಾಂಗ್ 1871ರಲ್ಲಿ ಬಂತು. ಆ ಉದ್ದನೆಯ ಕೊಳವೆಗೆ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಗುಂಡು ಕೂರಿಸಿ 1887ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಟೀವನ್ಸ್ ಕಂಪನಿ .22 ಲಾಂಗ್ ರೈಫಲ್ ಮಾಡಿತು. ಹೈದರಾಬಾದಿನ ಗಾದಿಯಲ್ಲಿ ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಇದ್ದ. ಹುಲಿಬೇಟೆಗೆ ಹೆಸರಾದ ಆ ದೊರೆಯ ಭಾರೀ ಕೋವಿಗಳ ಮುಂದೆ ಇದು ಆಟಿಕೆಯಂತೆ ಕಂಡೀತು. ಆದರೂ ಆ ಭಾರೀ ತೋಟಾಗಳಲ್ಲಿ ಹೆಚ್ಚಿನವು ಇಂದು ಮ್ಯೂಸಿಯಮ್ಮಿನ ಗಾಜಿನೊಳಗಿವೆ. ಆಟಿಕೆ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ.

ಹದಿನೇಳರ ಸವಾಲು

.22ಕ್ಕೆ ಸವಾಲು ಹೊಸತೇನಲ್ಲ. ವಿಂಚೆಸ್ಟರ್ 1959ರಲ್ಲಿ .22 ಮ್ಯಾಗ್ನಮ್ ತಂದಿತು, ಅದು ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಪಕ್ಕದಲ್ಲೇ ಬದುಕಿತು. 1970ರ ಹೊತ್ತಿಗೆ ರೆಮಿಂಗ್ಟನ್ ತಂದ 5 ಮಿಲಿಮೀಟರ್ ಮ್ಯಾಗ್ನಮ್ ಬಲದಲ್ಲಿ ಎಲ್ಲರನ್ನೂ ಮೀರಿಸಿತ್ತು, ಆದರೆ ಕೆಲವೇ ವರ್ಷಗಳಲ್ಲಿ ಅದರ ರೈಫಲ್‌ಗಳ ತಯಾರಿ ನಿಂತುಹೋಯಿತು. ತೋಟಾ ಎಷ್ಟೇ ಚೆನ್ನಾಗಿದ್ದರೂ ಅದನ್ನು ಹಾರಿಸುವ ಕೋವಿ ಮನೆಮನೆಯಲ್ಲಿ ಇರಬೇಕು, ಅದನ್ನು ಮಾರುವ ಅಂಗಡಿ ಊರೂರಲ್ಲಿ ಇರಬೇಕು.

ಗಟ್ಟಿ ಪೈಪೋಟಿ ಬಂದದ್ದು 2002ರಲ್ಲಿ. ಹಾರ್ನಡಿ ಕಂಪನಿ .22 ಮ್ಯಾಗ್ನಮ್‌ನ ಕೊಳವೆಯ ಕತ್ತು ಬಿಗಿಮಾಡಿ .17 ಎಚ್‌ಎಮ್‌ಆರ್ ಮಾಡಿತು. ಅದರ 17 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 777 ಮೀಟರ್ ವೇಗದಲ್ಲಿ ಹೊರಡುತ್ತದೆ. ಸ್ಪರ್ಧೆಯ .22 ಗುಂಡಿನ ವೇಗ ಸೆಕೆಂಡಿಗೆ 320ರಿಂದ 330 ಮೀಟರ್. ತೂಕ ಅರ್ಧಕ್ಕಿಂತ ಕಡಿಮೆಯಾದರೂ ನಳಿಗೆಯ ಬಾಯಲ್ಲಿ ಹೊಸ ಗುಂಡಿನ ಶಕ್ತಿ ಹಳೆಯದರ ಎರಡು ಪಟ್ಟಿಗೂ ಮಿಕ್ಕಿರುತ್ತದೆ, ಹಾರುವ ದಾರಿಯೂ ಹೆಚ್ಚು ಚಪ್ಪಟೆ. 2004ರಲ್ಲಿ .17 ಮ್ಯಾಕ್ 2 ಬಂತು. ಅದೂ .22ರದೇ ಉದ್ದ ಕೊಳವೆಯ ಒಂದು ತಳಿಯ ಕತ್ತು ಹಿಸುಕಿ ಮಾಡಿದ್ದು. ಕೆಲ ಕಾಲ ಸೊರಗಿ ಸತ್ತೇಹೋಯಿತು ಎನ್ನುವಷ್ಟರಲ್ಲಿ ಚೇತರಿಸಿಕೊಂಡಿತು. ಆಮೇಲಿನ .17 ವಿಂಚೆಸ್ಟರ್ ಸೂಪರ್ ಮ್ಯಾಗ್ನಮ್ ಮಾತ್ರ ವಂಶವನ್ನೇ ಬದಲಿಸಿತು: ಗೋಡೆಗೆ ಮೊಳೆ ಹೊಡೆಯುವ ಯಂತ್ರದ ಖಾಲಿ ತೋಟಾದ ದಪ್ಪ ಹಿತ್ತಾಳೆ ಅದರ ಮೂಲ, ವೇಗ ಸೆಕೆಂಡಿಗೆ 900 ಮೀಟರಿನ ಆಸುಪಾಸು.

ಇವು ಗೆದ್ದದ್ದು ಅಮೆರಿಕ, ಆಸ್ಟ್ರೇಲಿಯಾದಂಥ ಕಡೆ. ಅಲ್ಲಿ ಬಯಲಿನಲ್ಲಿ ಬಿಲ ತೋಡುವ ದಂಶಕಗಳನ್ನು, ಮೊಲಗಳನ್ನು ನೂರೈವತ್ತು ಗಜ ದೂರದಿಂದ ಹೊಡೆಯುವವರು ಲೆಕ್ಕವಿಲ್ಲದಷ್ಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಭಾರತದಲ್ಲಿ ಆ ಗಿರಾಕಿಯೇ ಇಲ್ಲ. .17ರ ಇಡೀ ಹೆಗ್ಗಳಿಕೆ ಇಲ್ಲಿ ಗುರಿಯಿಲ್ಲದ ಬಾಣ.

ಗಚ್ಚಿಬೌಲಿ

ಹೈದರಾಬಾದಿನಲ್ಲಿ .22ರ ಮನೆ ಗಚ್ಚಿಬೌಲಿಯ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣದಲ್ಲಿರುವ ಶೂಟಿಂಗ್ ರೇಂಜ್. ನಗರ 2002ರ ರಾಷ್ಟ್ರೀಯ ಕ್ರೀಡಾಕೂಟಕ್ಕೂ 2003ರ ಆಫ್ರೋ-ಏಷ್ಯನ್ ಕೂಟಕ್ಕೂ ಸಜ್ಜಾದ ಕಾಲದ ಕಟ್ಟಡ ಅದು. ಆಫ್ರೋ-ಏಷ್ಯನ್ ಕೂಟದಲ್ಲಿ ಹೈದರಾಬಾದಿನಲ್ಲೇ ಬೆಳೆದ ಗಗನ್ ನಾರಂಗ್ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದರು. 2012ರ ಲಂಡನ್ ಒಲಿಂಪಿಕ್ಸಿನ ಕಂಚು ಬಂದದ್ದೂ ಅದೇ ಏರ್ ರೈಫಲಿನಿಂದ. ಆದರೆ ನಾರಂಗ್ .22 ಅನ್ನೂ ಅಷ್ಟೇ ನಿಷ್ಠೆಯಿಂದ ಹಿಡಿದವರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಮಲಗಿ ಹೊಡೆಯುವ 50 ಮೀಟರ್ ಪ್ರೋನ್‌ನಲ್ಲಿ ಬೆಳ್ಳಿ, ಮೂರು ಭಂಗಿಯಲ್ಲಿ ಕಂಚು ಪಡೆದರು. ಮುಂದಿನ ಪೀಳಿಗೆಯ ಈಶಾ ಸಿಂಗ್ 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 25 ಮೀಟರ್ ಪಿಸ್ತೂಲಿನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. ಮನು ಭಾಕರ್, ರಿದಮ್ ಸಾಂಗ್ವಾನ್ ಜೊತೆಗೂಡಿ ತಂಡದ ಚಿನ್ನವನ್ನೂ ತಂದರು. ಆ ಪಿಸ್ತೂಲಿನ ಆಹಾರ .22 ಲಾಂಗ್ ರೈಫಲ್.

50 ಮೀಟರ್ ರೈಫಲಿನ ಹತ್ತರ ವರ್ತುಲದ ಅಗಲ 10.4 ಮಿಲಿಮೀಟರ್, ಒಂದು ಹೆಬ್ಬೆರಳಿನ ಉಗುರಿಗಿಂತ ಕಿರಿದು. ಅಲ್ಲಿ ಬೇಕಾದದ್ದು ವೇಗವಲ್ಲ, ಒಂದು ಗುಂಡಿನಂತೆ ಇನ್ನೊಂದು ಹೋಗುವುದು. ಸ್ಪರ್ಧೆಯ ತೋಟಾವನ್ನು ಬೇಕೆಂದೇ ಶಬ್ದದ ವೇಗಕ್ಕಿಂತ ಕೆಳಗಿಡುತ್ತಾರೆ. ಶಬ್ದದ ಗೋಡೆ ದಾಟಿ ಹೊರಟ ಗುಂಡು ದಾರಿಯಲ್ಲಿ ನಿಧಾನವಾಗಿ ಮತ್ತೆ ಆ ಗೋಡೆಯನ್ನು ಇಳಿಯುವಾಗ ಅಲುಗಾಡುತ್ತದೆ. 15 ಡಿಗ್ರಿಯಲ್ಲಿ ಸೆಕೆಂಡಿಗೆ 340 ಮೀಟರ್ ಇರುವ ಶಬ್ದದ ವೇಗ ಹೈದರಾಬಾದಿನ ಮೇ ತಿಂಗಳ 42 ಡಿಗ್ರಿಯಲ್ಲಿ 356ಕ್ಕೆ ಏರುತ್ತದೆ. ಅದೇ ಬಿಸಿಲಿಗೆ ಪೆಟ್ಟಿಗೆಯೊಳಗಿನ ಮದ್ದೂ ಕಾದು ಗುಂಡಿನ ವೇಗ ಹೆಚ್ಚುತ್ತದೆ. ಸಮುದ್ರಮಟ್ಟದಿಂದ 540 ಮೀಟರ್ ಎತ್ತರದ ದಖ್ಖನಿ ಗಾಳಿ ಕೊಂಚ ತೆಳು. ಯುರೋಪಿನ ಚಳಿಯಲ್ಲಿ ಆರಿಸಿದ ತೋಟಾ ಇಲ್ಲಿ ಬೇರೆ ಜಾಗಕ್ಕೆ ಗುಂಪು ಕಟ್ಟಿದರೆ ಅಚ್ಚರಿಯಿಲ್ಲ. ಅನುಭವಸ್ಥರು ಪೆಟ್ಟಿಗೆಯನ್ನು ನೆರಳಲ್ಲಿಡುತ್ತಾರೆ, ಒಂದೇ ಲಾಟಿನ ತೋಟಾಗಳನ್ನು ಕೂಡಿಡುತ್ತಾರೆ. ಇಂಗ್ಲೆಂಡಿನ ಎಲಿ, ಜರ್ಮನಿಯಲ್ಲಿ ತಯಾರಾಗುವ ಲಾಪುವಾ, ಆರ್‌ಡಬ್ಲ್ಯುಎಸ್ ಮೊದಲಾದವು ದೊಡ್ಡ ಗುರಿಕಾರರ ಆಯ್ಕೆ. ತಮ್ಮ ನಳಿಗೆಗೆ ಒಪ್ಪುವ ಲಾಟನ್ನು ಹುಡುಕಲು ರೈಫಲನ್ನೇ ಕಾರ್ಖಾನೆಗೆ ಒಯ್ಯುವವರುಂಟು. ಹೆಣ್ಣು ನೋಡುವ ಶಾಸ್ತ್ರಕ್ಕೂ ಇದಕ್ಕಿಂತ ಕಡಿಮೆ ಹೊತ್ತು ಹಿಡಿದೀತು.

ಇಷ್ಟು ಬಳಗ ಕಟ್ಟಿಕೊಂಡ .22 ಅನ್ನು ಬರೀ ವೇಗ ತೋರಿಸಿ ಎಬ್ಬಿಸಲಾಗದು. ಅದಕ್ಕಿಂತ ದೊಡ್ಡ ಕಾವಲು ನಿಯಮದ ಪುಸ್ತಕ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಲ್ಲಿ 50 ಮೀಟರ್ ರೈಫಲಿಗೆ 5.6 ಮಿಲಿಮೀಟರ್ ಲಾಂಗ್ ರೈಫಲ್ ತೋಟಾ, ಸೀಸ ಅಥವಾ ಅಂಥದೇ ಮೆದು ಗುಂಡು ಎಂದು ಬರೆದಿದೆ. .17 ಹಿಡಿದು ಬಂದವರಿಗೆ ಅಲ್ಲಿ ಲೇನ್ ಇಲ್ಲ.

ರಿಮ್‌ಫೈರ್ ಚರಿತ್ರೆಯಲ್ಲಿ ಸ್ಥಾನಪಲ್ಲಟಗಳು ಹೆಚ್ಚಾಗಿ ನಡೆದದ್ದು ಹೀಗೆ ಕಾಗದದ ಮೇಲೆಯೇ. 1978ರಲ್ಲಿ ಬಯಾಥ್ಲಾನ್ ಆಟದಿಂದ ದೊಡ್ಡ ಕೋವಿಗಳನ್ನು ಇಳಿಸಿ .22 ಅನ್ನು ಕೂರಿಸಿದ್ದು ನಿಯಮ. ಒಲಿಂಪಿಕ್ಸಿನ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ 2004ರ ಅಥೆನ್ಸ್‌ವರೆಗೂ 1857ರ ಆ ಪುಟಾಣಿ .22 ಶಾರ್ಟ್ ಮೆರೆಯುತ್ತಿತ್ತು. ಮರುವರ್ಷ ಹೊಸ ನಿಯಮ ಬಂದು ಶಾರ್ಟ್ ಹೊರಬಿತ್ತು, ಲಾಂಗ್ ರೈಫಲ್ ಒಳಬಂತು. ನೂರೈವತ್ತು ವರ್ಷ ಹತ್ತಿರವಾಗುತ್ತಿದ್ದ ಮುದುಕನನ್ನು ಹೊರಗೆ ಕಳಿಸಿದ್ದು ಹೊಸ ಹುಡುಗನಲ್ಲ, ಮೂವತ್ತು ವರ್ಷ ಚಿಕ್ಕ ತಮ್ಮ. 2012ರ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಆ ತಮ್ಮನಿಂದ.

ಪರವಾನಗಿ ಮತ್ತು ಕೊಡಗು

ಕ್ರೀಡೆಯ ಆಚೆಗೆ ಭಾರತದಲ್ಲಿ ತೋಟಾದ ಹಣೆಬರಹ ಬರೆಯುವುದು 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು. ಪರವಾನಗಿಯಲ್ಲಿ ಯಾವ ಕೋವಿ ಬರೆದಿದೆಯೋ ಅದರ ತೋಟಾ ಮಾತ್ರ, ಅದೂ ಎಣಿಸಿ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಎರಡೇ ಜಾಗ ಇರುವಾಗ, ತೋಟಾ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಹೊಸ ಬೋರಿಗೆ ಒಂದನ್ನು ಕೊಡುವವರು ಅಪರೂಪ. ಇಛಾಪುರದ ಸರ್ಕಾರಿ ರೈಫಲ್ ಕಾರ್ಖಾನೆ ರಿಮ್‌ಫೈರ್‌ನಲ್ಲಿ ಮಾಡಿದ್ದು .22 ಸ್ಪೋರ್ಟಿಂಗ್ ರೈಫಲ್.

ಕನ್ನಡ ನಾಡಿನಲ್ಲಿ .22ರ ಸದ್ದು ಹಬ್ಬದ ಸದ್ದಾಗಿ ಕೇಳುವುದು ಕೊಡಗಿನಲ್ಲಿ. ಕೈಲ್ ಮುಹೂರ್ತದ ದಿನಗಳಲ್ಲಿ ಊರೂರಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಪಾಯಿಂಟ್ ಟೂ ಟೂ, ಹನ್ನೆರಡು ಬೋರ್, ಏರ್‌ಗನ್ ಎಂದು ಬೇರೆ ಬೇರೆ ವಿಭಾಗಗಳಿರುತ್ತವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಇಷ್ಟು ಸಡಿಲವಿದ್ದ ಕಡೆಯೂ ಸ್ಪರ್ಧೆಯ ಕರಪತ್ರದಲ್ಲಿ .17ಕ್ಕೆ ಒಂದು ಸಾಲು ಸಿಕ್ಕಿಲ್ಲ. ತೆಂಗಿನಕಾಯಿ ಒಡೆಯಲು ಸೆಕೆಂಡಿಗೆ 777 ಮೀಟರ್ ಬೇಕಿಲ್ಲ.

ನಿಜವಾದ ಎದುರಾಳಿ

ಹಾಗೆಂದು .22 ನಿಶ್ಚಿಂತವಾಗಿಲ್ಲ. ಅದರ ಜಾಗ ತಿನ್ನುತ್ತಿರುವುದು ಮದ್ದೇ ಇಲ್ಲದ 4.5 ಮಿಲಿಮೀಟರಿನ ಗಾಳಿಕೋವಿ ಗುಂಡು, ಅಂದರೆ .177. ಸಣ್ಣ ಬಾಯಿಯದೇ ಗೆಲುವು ಎಂದವರ ಮಾತು ಒಂದರ್ಥದಲ್ಲಿ ನಿಜವಾಯಿತು, ಅವರು ಎಣಿಸದ ಕಡೆಯಿಂದ. 2016ರ ರಿಯೋ ಒಲಿಂಪಿಕ್ಸಿನಲ್ಲಿ .22ರ ಸ್ಪರ್ಧೆಗಳು ಆರಿದ್ದವು, ಗಾಳಿಕೋವಿಯವು ನಾಲ್ಕು. ಟೋಕಿಯೋಗೆ ಮುನ್ನ 50 ಮೀಟರ್ ಪಿಸ್ತೂಲನ್ನೂ 50 ಮೀಟರ್ ಪ್ರೋನನ್ನೂ ಕೈಬಿಟ್ಟು, ಗಂಡು-ಹೆಣ್ಣು ಮಿಶ್ರ ತಂಡದ ಏರ್ ಸ್ಪರ್ಧೆಗಳನ್ನು ತಂದರು. ಅಲ್ಲಿಗೆ ಲೆಕ್ಕ ತಿರುಗಿಬಿತ್ತು, 2024ರ ಪ್ಯಾರಿಸ್‌ನಲ್ಲೂ ಹಾಗೆಯೇ ಉಳಿಯಿತು: .22ಕ್ಕೆ ನಾಲ್ಕು, ಗಾಳಿಗೆ ಆರು. ರಿಯೋದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಹಾರಿಸಿದ 50 ಮೀಟರ್ ಪಿಸ್ತೂಲು ಒಲಿಂಪಿಕ್ಸಿಗೆ ಮತ್ತೆ ಬರಲಿಲ್ಲ. ನಾರಂಗ್ ನೆಚ್ಚಿದ ಪ್ರೋನ್ ಕೂಡ.

ನಗರದ ಗಣಿತವೂ ಗಾಳಿಯ ಪರವಾಗಿದೆ. .177 ಬೋರು, 20 ಜೂಲ್ ಶಕ್ತಿ ಮೀರದ ಏರ್‌ಗನ್ನಿಗೆ ಪರವಾನಗಿ ಬೇಡ. ಹತ್ತು ಮೀಟರಿನ ರೇಂಜ್ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೂ ಕೂರುತ್ತದೆ. ಐವತ್ತು ಮೀಟರಿನ ರೇಂಜಿಗೆ ಬಯಲು ಬೇಕು, ಹಿಂದೆ ಮಣ್ಣಿನ ದಿಬ್ಬ ಬೇಕು, ಗಚ್ಚಿಬೌಲಿಯಲ್ಲಿ ಇಂದು ಒಂದು ಎಕರೆಯ ಬೆಲೆ ಎಷ್ಟೆಂದು ಯಾರನ್ನಾದರೂ ಕೇಳಬಹುದು. ಇದರ ನಡುವೆಯೂ ಪ್ಯಾರಿಸ್‌ನಲ್ಲಿ ಕೊಲ್ಹಾಪುರ ಸೀಮೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ಮೂರು ಭಂಗಿಯಲ್ಲಿ ಭಾರತಕ್ಕೆ ಆ ಸ್ಪರ್ಧೆಯ ಮೊದಲ ಒಲಿಂಪಿಕ್ ಪದಕ ತಂದರು. ಅಲ್ಲಿ ಭಾರತ ತಂಡದ ಮುಖ್ಯಸ್ಥರಾಗಿದ್ದವರು ಗಗನ್ ನಾರಂಗ್.

ಇನ್ನೊಂದು ಒತ್ತಡ ಸೀಸದ್ದು. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ, ಯುರೋಪಿಯನ್ ಒಕ್ಕೂಟದ ಜೌಗುಭೂಮಿಗಳಲ್ಲಿ ಸೀಸದ ಚರೆ ಹಾರಿಸುವಂತಿಲ್ಲ. ಹಿಮ್ಮಡಿ ಕೊರೆದ .22 ಗುಂಡನ್ನು ಗಟ್ಟಿ ಲೋಹದಲ್ಲಿ ಮಾಡಿ ನಿಖರತೆ ಉಳಿಸಿಕೊಳ್ಳುವುದು ಕಷ್ಟ. 2024ರಲ್ಲಿ ವಿಂಚೆಸ್ಟರ್ ತಂದ .21 ಶಾರ್ಪ್ ಇದಕ್ಕೆ ಉತ್ತರ: ಹಿಮ್ಮಡಿ ಬಿಟ್ಟು ಪೂರ್ತಿ ಕೊಳವೆಯೊಳಗೇ ಕೂರುವ, .22ಕ್ಕಿಂತ ಕೂದಲೆಳೆಯಷ್ಟು ಸಣ್ಣ ಗುಂಡು. ಅದು ಕೂರುವ ಕೊಳವೆ ಮಾತ್ರ .22 ಲಾಂಗ್ ರೈಫಲಿನದೇ.