ಕೆಟಲಿಸ್ಟ್: ವೇಗಕ್ಕೂ ಮುಂಚಿನ ಅರ್ಥ

‘ಕೆಟಲಿಸ್ಟ್’ ಕನ್ನಡಕ್ಕೆ ಬಂದಾಗ ಕ್ರಿಯಾವರ್ಧಕವೂ ಆಯಿತು, ವೇಗವರ್ಧಕವೂ ಆಯಿತು. ಎರಡರಲ್ಲೂ ಇರುವುದು ಹೆಚ್ಚಿಸುವ ಮಾತು. ಮೂಲದ ಗ್ರೀಕಿನಲ್ಲಿ ಆ ಸುಳಿವೇ ಇಲ್ಲ. ‘ಕಟಾ’ ಎಂದರೆ ಕೆಳಗೆ. ‘ಲೂಎಯಿನ್’ ಎಂದರೆ ಬಿಚ್ಚು, ಸಡಿಲಿಸು. ದಾರಿ ನಡೆದು ದಣಿದವರು ನೊಗ ಬಿಚ್ಚಿ ತಂಗುವುದಕ್ಕೂ ಇವೆರಡು ಸೇರಿದ ಕ್ರಿಯಾಪದವೇ. ಅದರಿಂದ ಹುಟ್ಟಿದ ‘ಕಟಾಲುಮಾ’ ಎಂದರೆ ಬಿಡಾರ. ಲೂಕನ ಸುವಾರ್ತೆಯಲ್ಲಿ ಮರಿಯ, ಯೋಸೇಫರಿಗೆ ಜಾಗ ಸಿಗದ ತಾಣದ ಹೆಸರೂ ಇದೇ. ಅಥೆನ್ಸಿನ ರಾಜಕೀಯದಲ್ಲಿ ಪದ ಕಠೋರವಾಯಿತು. ಅಲ್ಲಿ ‘ಕಟಾಲಿಸಿಸ್’ ಎಂದರೆ ಪ್ರಜಾಪ್ರಭುತ್ವವನ್ನು ಉರುಳಿಸುವುದು. ಹಾಗೆ ಮಾಡಿದವನನ್ನು ಕೊಂದರೆ ದೋಷವಿಲ್ಲವೆಂದು ಕ್ರಿ.ಪೂ. 337–36ರ ಕಾನೂನು ಕಲ್ಲಿನಲ್ಲೇ ಕೆತ್ತಿಸಿತು.

1823ರಲ್ಲಿ ಯೇನಾದ ಡೋಬರೈನರ್ ಪ್ಲಾಟಿನಂ ಪುಡಿಯ ಮೇಲೆ ಜಲಜನಕ ಹಾಯಿಸಿದ; ಗಾಳಿಯಲ್ಲಿ ಅದು ತಾನಾಗಿ ಹೊತ್ತಿಕೊಂಡಿತು, ಲೋಹ ಮಾತ್ರ ಇದ್ದಂತೆಯೇ ಉಳಿಯಿತು. ಇಂಥ ವಿಚಿತ್ರಗಳಿಗೆಲ್ಲ ಸ್ವೀಡನ್ನಿನ ಬೆರ್ಜೆಲಿಯಸ್ 1835ರಲ್ಲಿ ‘ಅನಾಲಿಸಿಸ್’ನ ಅಚ್ಚಿನಲ್ಲಿ ‘ಕೆಟಲಿಸಿಸ್’ ಎಂಬ ಹೆಸರಿಟ್ಟ. ಕಾರಣ ಅವನಿಗೂ ತಿಳಿದಿರಲಿಲ್ಲ. ಶತಮಾನದ ಕೊನೆಗೆ ಓಸ್ಟ್‌ವಾಲ್ಡ್ ಇದನ್ನು ಕ್ರಿಯೆಯ ವೇಗದ ಪ್ರಶ್ನೆಯಾಗಿ ಬಿಡಿಸಿ, 1909ರಲ್ಲಿ ನೊಬೆಲ್ ಪಡೆದ. ನಮ್ಮ ‘ವೇಗವರ್ಧಕ’ ಹೇಳುವುದು ಅವನ ಅರ್ಥವನ್ನೇ.

ಬಿಚ್ಚುವ ಅರ್ಥ ಮಾತ್ರ ಸತ್ತಿರಲಿಲ್ಲ: ಜಲಜನಕವನ್ನು ಬಳಸುವ ವೇಗವರ್ಧಕ ಮೊದಲು ಅದರ ಬಂಧವನ್ನು ಬಿಚ್ಚಬೇಕು. ಜಲಜನಕದ ಅಣುವಿನಲ್ಲಿ ಎರಡು ಪರಮಾಣುಗಳ ನಡುವಿನ ಅಂತರ 0.74 ಆಂಗ್‌ಸ್ಟ್ರಾಂ, ಆ ಬಂಧ ಕಡಿಯಲು ಮೋಲಿಗೆ 436 ಕಿಲೋಜೂಲ್ ಬೇಕು. ಲೋಹದ ಸಂಕೀರ್ಣ, ಅಂದರೆ ಸುತ್ತ ಬೇರೆ ಅಣುಗಳು ಅಂಟಿದ ಲೋಹದ ಪರಮಾಣು, ಜಲಜನಕದ ಅಣುವನ್ನು ಒಡೆದೇ ಹಿಡಿಯುತ್ತದೆ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. 1984ರಲ್ಲಿ ಲಾಸ್ ಅಲಮೋಸ್‌ನ ಕ್ಯೂಬಾಸ್ ಮತ್ತು ಸಂಗಡಿಗರು ಇಡೀ ಅಣುವನ್ನೇ ಹಿಡಿದುಕೊಂಡ ಟಂಗ್‌ಸ್ಟನ್ ಸಂಕೀರ್ಣವನ್ನು ಪ್ರಕಟಿಸಿದರು. ನ್ಯೂಟ್ರಾನ್ ಅಳತೆಯಲ್ಲಿ ಅಂತರ 0.82: ಬಂಧ ಹಿಗ್ಗಿತ್ತು, ಹರಿದಿರಲಿಲ್ಲ.

ಏಕೆ ಹೀಗೆ ಎಂಬುದನ್ನು ಬಿಡಿಸಿ ತೋರಿಸಿದ್ದು ಗಣಕ. ಟಂಗ್‌ಸ್ಟನ್‌ಗೆ ಅಂಟಿದ ದೊಡ್ಡ ಫಾಸ್ಫೀನುಗಳು, ಅಂದರೆ ರಂಜಕದ ಅಣುಗಳು, ಲೆಕ್ಕಕ್ಕೆ ಭಾರವೆಂದು ಅವುಗಳ ಜಾಗದಲ್ಲಿ ರಂಜಕಕ್ಕೆ ಮೂರು ಜಲಜನಕ ಅಂಟಿದ ಪುಟ್ಟ ಅಣುವನ್ನಿಟ್ಟು ಆರಂಭದ ಮಾದರಿಗಳನ್ನು ಕಟ್ಟಿದರು. ಮುಂದೆ ಕೋನ್‌ಗೆ 1998ರ ನೊಬೆಲ್ ತಂದ ಸಾಂದ್ರತಾ ಫಲನ ಸಿದ್ಧಾಂತ ಪೂರ್ಣ ಸಂಕೀರ್ಣಗಳ ಲೆಕ್ಕವನ್ನೂ ಸುಲಭ ಮಾಡಿತು. ಕಂಡದ್ದಿಷ್ಟು: ಜಲಜನಕ ತನ್ನ ಇಲೆಕ್ಟ್ರಾನ್ ಜೋಡಿಯನ್ನು ಲೋಹದ ಖಾಲಿ ಕಕ್ಷಕದತ್ತ ಚಾಚುತ್ತದೆ, ಲೋಹ ತನ್ನ ಡಿ-ಇಲೆಕ್ಟ್ರಾನುಗಳನ್ನು ಜಲಜನಕದ ಬಂಧವಿರೋಧಿ ಕಕ್ಷಕಕ್ಕೆ ತಿರುಗಿ ಕೊಡುತ್ತದೆ. ಈ ಮರುದಾನ ಹೆಚ್ಚಿದಷ್ಟೂ ಬಂಧ ಸಡಿಲ. ಮಿತಿ ಮೀರಿದರೆ ಎರಡು ಪರಮಾಣುಗಳೂ ಬೇರ್ಪಟ್ಟು ಲೋಹಕ್ಕೆ ಹೈಡ್ರೈಡ್‌ಗಳಾಗಿ ಅಂಟುತ್ತವೆ. ತೀರ ಬಿಗಿಯಾಗಿ ಅಂಟಿದರೂ ಕೆಲಸ ಕೆಟ್ಟಿತು, ಮುಂದಿನ ಅಣುವಿಗೆ ಅವು ದಕ್ಕುವುದಿಲ್ಲ. ಹೀಗಾಗಿ ಹೊಸ ವೇಗವರ್ಧಕ ರೂಪಿಸುವವರು ವೇಗಕ್ಕಿಂತ ಮೊದಲು ಲೆಕ್ಕಹಾಕುವುದು ಎಷ್ಟು ಬಿಚ್ಚಬೇಕು ಎಂಬುದನ್ನೇ.